8 ಸಾವಿರದೊಳಗೆ ಹಳೆಯ ಸ್ಟೀರಿಯೊ ಸುಧಾರಿಸಬಹುದಾ? ಡಗ್ಗಾ ಗುಂಯ್ ಅನ್ನುತ್ತದೆ, ತಂಬೂರಿ ಕೇಳುವುದೇ ಇಲ್ಲ

ಧಾರವಾಡದವಳು:

ಎಲ್ಲರಿಗೂ ನಮಸ್ಕಾರ. ಅಪ್ಪ ತಂದಿದ್ದ ಆಂಪ್ಲಿಫೈಯರ್ ಇದೆ, ಹಿಂದೆ 20+20 ವ್ಯಾಟ್ ಅಂತ ಬರೆದಿದೆ. ಜೊತೆಗೆ 8 ಓಮ್‌ನ ಎರಡು ಸ್ಪೀಕರ್ ಪೆಟ್ಟಿಗೆ. ಫೋನಿನಿಂದ ಬ್ಲೂಟೂತ್ ರಿಸೀವರ್ ಮೂಲಕ ಹಾಡು ಹಾಕುತ್ತೇನೆ. ಕೇಳುವುದು ಬಹುಪಾಲು ಮಲ್ಲಿಕಾರ್ಜುನ ಮನ್ಸೂರ್, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು.

ತೊಂದರೆ ಏನಂದ್ರೆ, ತಬಲಾ ಜೋಡಿಯ ಡಗ್ಗಾ ಕೋಣೆ ತುಂಬಾ ಗುಂಯ್ ಅನ್ನುತ್ತದೆ. ತಂಬೂರಿ ಎಲ್ಲೋ ಹೂತುಹೋಗಿದೆ. ವಾಲ್ಯೂಮ್ ತಿರುಗಿಸಿದರೆ ಕರಕರ. ಕೋಣೆ 10ಕ್ಕೆ 10 ಅಡಿ, ಸೂರೂ ಸುಮಾರು ಅಷ್ಟೇ ಎತ್ತರ, ಮೊಸಾಯಿಕ್ ನೆಲ. ಸ್ಪೀಕರ್‌ಗಳು ಎರಡು ಮೂಲೆಗಳಲ್ಲಿರುವ ಬೀರುಗಳ ಮೇಲಿವೆ, ಮಕ್ಕಳ ಕೈಗೆ ಸಿಗಬಾರದು ಅಂತ. ಅಂಗಡಿಯವರು 100 ವ್ಯಾಟ್‌ನ ಹೊಸ ಆಂಪ್ ತಗೊಳ್ಳಿ ಅಂದರು. ನನ್ನ ಹತ್ತಿರ ಇರುವುದು 8 ಸಾವಿರ. ಅದನ್ನೇ ಹಾಕಲಾ?

ರೇಡಿಯೊ ರಿಪೇರಿ, ಹುಬ್ಬಳ್ಳಿ:

ಬೇಡ ಅಕ್ಕಾರ. ವ್ಯಾಟ್ ಲೆಕ್ಕ ಅಂಗಡಿಯ ಲೆಕ್ಕ. ವ್ಯಾಟ್ ದುಪ್ಪಟ್ಟು ಮಾಡಿದರೆ ಸಿಗುವುದು 3 ಡೆಸಿಬೆಲ್, ಅಂದರೆ ಸ್ವಲ್ಪ ಜೋರು, ಅಷ್ಟೇ. ನಿಮ್ಮ ಕೋಣೆಗೆ 20 ವ್ಯಾಟೇ ಜಾಸ್ತಿ. ನಲವತ್ತು ವರ್ಷ ಇದೇ ಕೆಲಸ ಮಾಡಿದವನು ಹೇಳುತ್ತಿದ್ದೇನೆ, ಮೊದಲು ಆ ಬೀರುಗಳ ಮೇಲಿಂದ ಸ್ಪೀಕರ್ ಇಳಿಸಿ.

ಎರಡು ಗೋಡೆ ಮತ್ತು ಸೂರು ಸೇರುವ ಜಾಗದಲ್ಲಿ ಕೆಳಗಿನ ಸ್ವರಗಳು ಸುಮ್ನೆ ಉಬ್ಬುತ್ತವೆ. ಅದರ ಮೇಲೆ ನಿಮ್ಮದು ಉದ್ದ, ಅಗಲ, ಎತ್ತರ ಮೂರೂ ಒಂದೇ. 10 ಅಡಿ ಅಂದರೆ ಸುಮಾರು 56 ಹರ್ಟ್ಸ್‌ನಲ್ಲಿ ಕೋಣೆಯೇ ನಾದ ಹಿಡಿಯುತ್ತದೆ, ಅದೂ ಮೂರು ದಿಕ್ಕಿನಿಂದ. ಯಾವ ಆಂಪ್ ತಂದರೂ ಆ ಗುಂಯ್ ಹೋಗುವುದಿಲ್ಲ.

ಎರಡು ಗಟ್ಟಿ ಸ್ಟೂಲ್ ತನ್ನಿ. ಟ್ವೀಟರ್, ಅಂದರೆ ಮೇಲಿನ ಸ್ವರಗಳ ಸಣ್ಣ ಸ್ಪೀಕರ್, ನೀವು ಕೂತಾಗ ಕಿವಿಯ ಮಟ್ಟಕ್ಕೆ ಬರಲಿ. ಹಿಂದಿನ ಗೋಡೆಯಿಂದ ಒಂದೂವರೆ ಅಡಿಯಾದರೂ ದೂರ, ಪಕ್ಕದ ಗೋಡೆಯಿಂದಲೂ ಸ್ವಲ್ಪ ದೂರ. ಎರಡೂ ಸ್ಪೀಕರ್ ಮತ್ತು ನಿಮ್ಮ ಕುರ್ಚಿ ತ್ರಿಕೋನವಾಗಲಿ. ಕುರ್ಚಿ ಮಾತ್ರ ಗೋಡೆಗೆ ಒತ್ತಬೇಡಿ, ಅಲ್ಲೂ ಡಗ್ಗಾ ಉಬ್ಬುತ್ತದೆ. ನಡುವೆ ಜಮಖಾನ ಹಾಸಿ, ಕಿಟಕಿಗೆ ದಪ್ಪ ಪರದೆ ಹಾಕಿ. ಇವು ಡಗ್ಗಾಗೆ ಏನೂ ಮಾಡುವುದಿಲ್ಲ, ಆದರೆ ಮೊಸಾಯಿಕ್ ನೆಲದಿಂದ ಪುಟಿಯುವ ಸದ್ದು ತಗ್ಗಿದರೆ ತಂಬೂರಿ ಬಿಡಿಸಿ ಕೇಳುತ್ತದೆ.

ಆಮೇಲೆ ಒಂದು ಪರೀಕ್ಷೆ. ಮನ್ಸೂರರ 78 ಆರ್‌ಪಿಎಂ ಪ್ಲೇಟಿನ ಕಾಲದ ಹಾಡು ಹಾಕಿ. ಅದು ಮೋನೊ, ಅಂದರೆ ಎರಡೂ ಸ್ಪೀಕರಿನಲ್ಲಿ ಒಂದೇ ಸದ್ದು. ದನಿ ಎರಡು ಸ್ಪೀಕರ್‌ಗಳ ನಟ್ಟನಡುವೆ, ಗಾಳಿಯಲ್ಲಿ ನಿಂತ ಹಾಗೆ ಕೇಳಬೇಕು. ನಡುವೆ ನಿಲ್ಲದೆ ಎಲ್ಲೆಡೆ ಹರಡಿದರೆ ಒಂದು ಸ್ಪೀಕರಿನ ಕೆಂಪು-ಕಪ್ಪು ತಂತಿ ಅದಲುಬದಲಾಗಿದೆ. ಒಂದು ಕಡೆಗೆ ವಾಲಿದರೆ ಆಂಪ್ ಆಫ್ ಮಾಡಿ, ಹಿಂದೆ ಎಡ-ಬಲ ಸ್ಪೀಕರ್ ತಂತಿ ಬದಲಿಸಿ ಮತ್ತೆ ಕೇಳಿ. ಆಗಲೂ ಅದೇ ಪೆಟ್ಟಿಗೆ ಕಡಿಮೆ ಕೇಳಿದರೆ ದೋಷ ಪೆಟ್ಟಿಗೆಯಲ್ಲಿದೆ. ಕಡಿಮೆಯಾದದ್ದು ಇನ್ನೊಂದು ಪೆಟ್ಟಿಗೆಗೆ ಹೋದರೆ ಆಂಪ್ ನೋಡಬೇಕು.

ಕರಕರಕ್ಕೆ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಸಾಕು. ಪ್ಲಗ್ ಕಿತ್ತು, ಒಂದಿಷ್ಟು ಹೊತ್ತು ಬಿಟ್ಟು, ನಾಬ್ ಹಿಂದಿನ ಸಣ್ಣ ಸಂದಿಗೆ ಹೊಡೆದು ಆ ಕಡೆ ಈ ಕಡೆ ಚೆನ್ನಾಗಿ ತಿರುಗಿಸಿ. ಕೈ ಹಾಕಲು ಹೆದರಿಕೆ ಇದ್ದರೆ ಮೆಕ್ಯಾನಿಕ್‌ಗೆ ಕೊಡಿ, ಒಳಗಿನ ಕೆಪಾಸಿಟರ್‌ಗಳಲ್ಲಿ ಕರೆಂಟ್ ಉಳಿದಿರುತ್ತದೆ.

ಕಿವಿ_ಬೆಂಗಳೂರು:

ಅಜ್ಜಾರು ಹೇಳಿದ್ದರಲ್ಲಿ ಜಾಗದ ವಿಷಯ ನೂರಕ್ಕೆ ನೂರು ಸರಿ. ಆದರೆ ಹಳೆಯ ಆಂಪ್ ಅಂದರೆ ಹಳೆಯ ಕೆಪಾಸಿಟರ್ ಕೂಡ, ಅಲ್ವಾ? ಮೇಡಂ, ಹಾಡು ಇಲ್ಲದೆ ವಾಲ್ಯೂಮ್ ಸೊನ್ನೆಯಲ್ಲಿಟ್ಟು ಸ್ಪೀಕರ್‌ಗೆ ಕಿವಿ ಕೊಡಿ. ಹಮ್ ಅಂತ ಒಂದೇ ಸಮ ಕೇಳಿದರೆ ಒಳಗಿನ ದೊಡ್ಡ ಫಿಲ್ಟರ್ ಕೆಪಾಸಿಟರ್ ಒಣಗಿರಬಹುದು. ಆಗ ರಿಪೇರಿ ಖರ್ಚು ಕೇಳಿ ನೋಡಿ, ಜಾಸ್ತಿ ಅಂದರೆ ಸಣ್ಣ ಕ್ಲಾಸ್ ಡಿ ಆಂಪ್ (ಕಡಿಮೆ ಬಿಸಿಯಾಗುವ ಬಗೆಯದು) ನಿಮ್ಮ ಬಜೆಟ್‌ನಲ್ಲೇ ಬರುತ್ತದೆ. ಬ್ಲೂಟೂತ್ ದೊಡ್ಡ ಅಪರಾಧಿ ಅಲ್ಲ. ಫೋನಿನ ಆ್ಯಪ್‌ನಲ್ಲಿ ಸ್ಟ್ರೀಮಿಂಗ್ ಗುಣಮಟ್ಟ ಮೊದಲು ಏರಿಸಿ, ಬಹಳ ಜನ ಅದನ್ನು ನೋಡುವುದೇ ಇಲ್ಲ.

ಸಬ್‌ವೂಫರ್ (ಕೆಳಗಿನ ಸ್ವರಗಳಿಗೆಂದೇ ಇರುವ ಸ್ಪೀಕರ್) ತರಬೇಡಿ, ಈ ಕೋಣೆಗಂತೂ ಬೇಡ.

ಧಾರವಾಡದವಳು:

ಇಬ್ಬರಿಗೂ ಧನ್ಯವಾದ. ಸ್ಟೂಲ್ ಮೇಲಿಟ್ಟೆ, ಮಗಳಿಗೆ ಮುಟ್ಟಬೇಡ ಅಂತ ತಾಕೀತು ಮಾಡಿದ್ದೂ ಆಯಿತು. ಡಗ್ಗಾ ಅರ್ಧ ಸರಿಹೋಯಿತು! ಹಮ್ ಇಲ್ಲ. ದನಿ ಮಾತ್ರ ಎಡಕ್ಕೆ ವಾಲುತ್ತದೆ. ತಂತಿ ಬದಲಿಸಿದರೂ ಬಲದ ಪೆಟ್ಟಿಗೆಯೇ ಸೊರಗುತ್ತದೆ. ಜಾಲರಿ ತೆಗೆದರೆ ದೊಡ್ಡ ಸ್ಪೀಕರಿನ ಅಂಚಿನ ಫೋಮ್ ಪುಡಿಪುಡಿಯಾಗಿ ಕೈಗೆ ಬಂತು. ಎರಡೂ ಸ್ಪೀಕರ್ ಎಸೆದು ಹೊಸ ಜೋಡಿ ತಗೊಳ್ಳಲಾ?

ರೇಡಿಯೊ ರಿಪೇರಿ, ಹುಬ್ಬಳ್ಳಿ:

ಎಸೆಯಬೇಡಿ. ಫೋಮ್ ವಯಸ್ಸಾದ ಮೇಲೆ ಪುಡಿಯಾಗುವುದು ಅದರ ಹಣೆಬರಹ, ಕಾಗದದ ಕೋನ್ ಮತ್ತು ಅದರ ಹಿಂದಿನ ತಂತಿಸುರುಳಿ, ಅಂದರೆ ಕಾಯಿಲ್, ಚೆನ್ನಾಗಿದ್ದರೆ ಸ್ಪೀಕರ್ ಬದುಕಿದೆ. ಕೋನನ್ನು ಎರಡೂ ಕೈಯಿಂದ ಮೆಲ್ಲಗೆ ಒತ್ತಿ ಬಿಡಿ. ಒಳಗೆ ಉಜ್ಜಿದ ಸದ್ದು ಬರದಿದ್ದರೆ ಕಾಯಿಲ್ ಸರಿ ಇದೆ. ಎಡದ್ದೂ ಅಷ್ಟೇ ಹಳೆಯದು, ಎರಡಕ್ಕೂ ಒಟ್ಟಿಗೆ ಹೊಸ ಅಂಚು ಹಾಕಿಸಿ. ರಬ್ಬರಿನದು ಫೋಮಿಗಿಂತ ಹೆಚ್ಚು ಬಾಳುತ್ತದೆ. ಆದರೆ ತುಂಬಾ ಬಿರುಸು ಇರಬಾರದು, ಮೊದಲಿದ್ದ ಫೋಮಿನಷ್ಟು ಮೆತ್ತಗಿರುವುದನ್ನೇ ಕೇಳಿ. ಅಳತೆಗೆ ಹೊರ ಅಂಚು ಮಾತ್ರ ಅಲ್ಲ, ಕೋನಿನ ಅಗಲವನ್ನೂ ಬರೆದುಕೊಂಡು ಹೋಗಿ. ಅಂಟಿಸುವವರು ಕಾಯಿಲ್ ನಡುವೆ ನಿಲ್ಲುವ ಹಾಗೆ ಹೊಂದಿಸಬೇಕು, ಅವಸರ ಮಾಡುವವರ ಕೈಗೆ ಕೊಡಬೇಡಿ. ನಿಮ್ಮ 8 ಸಾವಿರದಲ್ಲಿ ಬಹುಪಾಲು ಉಳಿಯುತ್ತದೆ. ಹೊಸ ಅಂಚಿನ ಸ್ಪೀಕರಿನಲ್ಲಿ ಒಂದು ತಿಂಗಳು ಕೇಳಿ, ಆಮೇಲೂ ಟ್ವೀಟರ್ ಮಂಕು ಅನ್ನಿಸಿದರೆ ಬರೆಯಿರಿ, ಅದಕ್ಕೆ ಬೇರೆ ಮದ್ದು ಇದೆ.