ಸಹಾಯ ಬೇಕು: ಕೈರೋ ದಾಖಲೆಯ 15ನೇ ಅಧ್ಯಾಯದ ಕನ್ನಡ ಕರಡು ತಿದ್ದಲು

ಎಲ್ಲರಿಗೂ ನಮಸ್ಕಾರ. 1994ರ ಸೆಪ್ಟೆಂಬರ್‌ನಲ್ಲಿ ಕೈರೋದಲ್ಲಿ ನಡೆದ ವಿಶ್ವಸಂಸ್ಥೆಯ ಜನಸಂಖ್ಯೆ ಮತ್ತು ಅಭಿವೃದ್ಧಿ ಸಮ್ಮೇಳನದ ಕ್ರಿಯಾ ಯೋಜನೆಯಲ್ಲಿ 16 ಅಧ್ಯಾಯಗಳಿವೆ. ಸರ್ಕಾರೇತರ ಸಂಸ್ಥೆಗಳ ಪಾಲುದಾರಿಕೆ ಕುರಿತ 15ನೆಯದನ್ನು ಕನ್ನಡಕ್ಕೆ ತರುತ್ತಿದ್ದೇವೆ. ಕರಡು ತಿದ್ದಲು ಇಬ್ಬರು ಬೇಕು.

ಎಡವುವುದು ಪದಗಳಲ್ಲೇ. 'ಕುಟುಂಬ ಯೋಜನೆ' ಇರುವಲ್ಲಿ 'ಜನಸಂಖ್ಯಾ ನಿಯಂತ್ರಣ' ಎಂದು ಬರೆದರೆ ದಾಖಲೆಯ ಅರ್ಥವೇ ತಲೆಕೆಳಗಾಗುತ್ತದೆ: ಮೊದಲನೆಯದು ಜನರ ಸ್ವಂತ ಆಯ್ಕೆ, ಎರಡನೆಯದು ಮೇಲಿನಿಂದ ಹೇರುವ ಗುರಿ. ಸಂಖ್ಯೆಯ ಗುರಿಗಳ ಬದಲು ಹೆಣ್ಣಿನ ಆರೋಗ್ಯ, ಹಕ್ಕು ಮುಂದೆ ಬರಲಿ ಎಂದೇ ಮಹಿಳಾ ಸಂಘಟನೆಗಳು ಪೂರ್ವಸಿದ್ಧತಾ ಸಭೆಗಳಲ್ಲಿ ಮೂಲ ದಾಖಲೆಯ ಕರಡಿಗೆ ತಿದ್ದುಪಡಿ ಬರೆದು ಸರ್ಕಾರಿ ನಿಯೋಗಗಳ ಕೈಗಿಟ್ಟವು. ಆ ಶ್ರಮ ಒಂದು ತಪ್ಪು ಪದದಲ್ಲಿ ಅಳಿಸಿಹೋಗಬಾರದು. ಇಷ್ಟು ಮಂದಿಗೆ ಗರ್ಭನಿರೋಧಕ ಮಾಡಿಸಲೇಬೇಕು ಎಂಬ ಗುರಿಗಳನ್ನು ಭಾರತ 1996ರಲ್ಲಿ ಕೈಬಿಟ್ಟದ್ದೂ ಇದೇ ದಿಕ್ಕಿನ ಹೆಜ್ಜೆ.

ಇನ್ನೊಂದು: ಇದು ಕಾನೂನಿನಂತೆ ಕಟ್ಟಿಹಾಕುವ ಒಪ್ಪಂದವಲ್ಲ. ಹಾಗಾಗಿ 'ಮಾಡತಕ್ಕದ್ದು' ಬೇಡ, 'ಮಾಡಬೇಕು' ಸಾಕು.

ತಿದ್ದುವವರು ಮೂಲದ ಪ್ಯಾರಾ ಸಂಖ್ಯೆಗಳನ್ನು ಹಾಗೇ ಉಳಿಸಿ, ಅನುಮಾನದ ಪದಕ್ಕೆ ಹಳದಿ ಗುರುತು ಹಾಕಿ ಪಕ್ಕದಲ್ಲಿ ಪರ್ಯಾಯ ಬರೆಯಿರಿ. ಆಮೇಲೆ ಒಬ್ಬ ಆಶಾ ಕಾರ್ಯಕರ್ತೆಗೆ ಗಟ್ಟಿಯಾಗಿ ಓದಿ ಹೇಳಿ. ಅವರು ತಡೆದು ಕೇಳಿದ ಕಡೆಯೆಲ್ಲ ವಾಕ್ಯ ಒಡೆಯಬೇಕು. 'ಸಂತಾನೋತ್ಪತ್ತಿ ಹಕ್ಕು' (ಮಕ್ಕಳು ಎಷ್ಟು, ಯಾವಾಗ ಎಂದು ತಾವೇ ನಿರ್ಧರಿಸುವ ಹಕ್ಕು) ಎಂಬುದಕ್ಕಿಂತ ಹಗುರವಾದ ಪದ ಯಾರಿಗಾದರೂ ಹೊಳೆದರೆ ದಯವಿಟ್ಟು ಇಲ್ಲೇ ತಿಳಿಸಿ.