ತೀರ್ಥಹಳ್ಳಿಗೆ ಬಂದಾಯ್ತು, ಈಗ ವಾಪಸ್ ಬೆಂಗಳೂರಿಗೆ ಹೋಗಬೇಕಾ?

ಮಲೆನಾಡಸೊಸೆ:
ಎಲ್ಲರಿಗೂ ನಮಸ್ಕಾರ. ಗಂಡನ ಊರು ತೀರ್ಥಹಳ್ಳಿ ಹತ್ತಿರ, ಅಡಿಕೆ ತೋಟ. ಮಾವನಿಗೆ ವಯಸ್ಸಾಯ್ತು ಅಂತ ಬನಶಂಕರಿಯ ಬಾಡಿಗೆ ಮನೆ ಬಿಟ್ಟು ಬಂದೆವು. ನನ್ನದು ಅಕೌಂಟ್ಸ್ ಕೆಲಸ, ಮನೆಯಿಂದಲೇ ಮಾಡುತ್ತೇನೆ. ಈಗ ಆಫೀಸಿನವರು ವಾರಕ್ಕೆ ಮೂರು ದಿನ ಬರಲೇಬೇಕು ಅಂತಿದ್ದಾರೆ. ತಿಂಗಳ ಕೊನೆಯೊಳಗೆ ಉತ್ತರ ಕೊಡಬೇಕು.

ಮಳೆ, ಇಂಬಳ, ಕರೆಂಟು ಹೋಗೋದು ಎಲ್ಲ ಅಭ್ಯಾಸವಾಗಿದೆ. ತಂತಿ ಮೇಲೆ ಮರ ಬೀಳದಿದ್ದರೆ ನೆಟ್ಟೂ ಇರುತ್ತದೆ. ಅತ್ತೆ ಜೊತೆ ಜಗಳವೂ ಇಲ್ಲ, ನಂಬಿ! ಕಷ್ಟ ಓಡಾಟದ್ದು. ಬೆಂಗಳೂರಲ್ಲಿ ಬೇಜಾರಾದರೆ ಚಪ್ಪಲಿ ಮೆಟ್ಟಿ ಹೊರಟುಬಿಡುತ್ತಿದ್ದೆ, ಗಾಂಧಿಬಜಾರಿಗೋ ಅಕ್ಕನ ಮನೆಗೋ. ಯಾರನ್ನೂ ಕೇಳಬೇಕಿರಲಿಲ್ಲ. ಇಲ್ಲಿ ಬಸ್ಸಿನ ರಸ್ತೆಗೇ ಎರಡು ಕಿಲೋಮೀಟರ್. ಬರೋದು ಪ್ರೈವೇಟ್ ಬಸ್, ಮಧ್ಯಾಹ್ನದ್ದು ತಪ್ಪಿದರೆ ಸಂಜೆಯದ್ದೇ. ಶಕ್ತಿ ಯೋಜನೆಯ ಫ್ರೀ ಟಿಕೆಟ್ ಸರ್ಕಾರಿ ಬಸ್ಸಿಗೆ ಮಾತ್ರ, ಅದು ನಮ್ಮ ರೂಟಲ್ಲಿ ಇಲ್ಲವೇ ಇಲ್ಲ. ಒಂದು ಬ್ಲೌಸ್ ಹೊಲಿಯಲು ಕೊಡೋಕೂ ಗಂಡನ ಪುರುಸೊತ್ತು ಕಾಯಬೇಕು. ಮಳೆಗಾಲ ಬಂತೆಂದರೆ ಅವರಿಗೆ ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೆಸುವ ಚಿಂತೆ. ಮಳೆ ಬಿಟ್ಟ ದಿನ ಮರ ಹತ್ತುವ ಕೊನೆಗಾರ ಸಿಗುವುದಿಲ್ಲ, ಅವನು ಸಿಕ್ಕ ದಿನ ಮಳೆ.

"ಬಸ್ಸಿಗೋಸ್ಕರ ಊರು ಬಿಡ್ತೀಯಾ?" ಅಂತಾರೆ ಇವರು. ನೀವೇನಂತೀರಿ?

ಸಾಗರದ ತೋಟದವ:
ಮೇಡಂ, ಸಂಬಳ ಮಾತ್ರ ಬಿಡಬೇಡಿ. ಎಲೆಚುಕ್ಕಿ ರೋಗ ನೋಡಿದ ಮೇಲೆ ಅಡಿಕೆಯೊಂದನ್ನೇ ನಂಬುವ ಧೈರ್ಯ ನನಗಿಲ್ಲ. ಹೊಸ ಸಸಿ ಇಟ್ಟರೆ ಫಸಲಿಗೆ ಐದಾರು ವರ್ಷ ಬೇಕು. ನಮ್ಮ ಮನೆ ಕರೆಂಟ್ ಬಿಲ್ಲು, ಮಗನ ಫೀಸು ಎಲ್ಲ ಹೆಂಡತಿಯ ಟೀಚರ್ ಕೆಲಸದಿಂದಲೇ ನಡೆಯುತ್ತಿದೆ.

ಟ್ರಾಫಿಕ್ಕಲ್ಲಿದ್ದೀನಿ:
ನಾವಿಲ್ಲಿ ಸಿಲ್ಕ್ ಬೋರ್ಡಲ್ಲಿ ಕೊಳೀತಿದ್ದೀವಿ. ನಿಮಗೆ ಒಳ್ಳೆ ಗಾಳಿ, ನೀರು ಸಿಕ್ಕಿದೆ. ಸುಮ್ನೆ ಅಲ್ಲೇ ಇರಿ.

ಕೊಪ್ಪದ ಹುಡುಗಿ:
ಅಕ್ಕಾ, ಬಸ್ಸಿನ ವಿಷಯ ಸಣ್ಣದಲ್ಲ. ನಮ್ಮ ಕಡೆ ಕಾರ್ಮಿಕರೇ ಸೇರಿ ನಡೆಸುತ್ತಿದ್ದ ಸಹಕಾರ ಸಾರಿಗೆ ಇತ್ತು. ಎಷ್ಟೋ ಒಳ ಊರುಗಳಿಗೆ ಅದೇ ಗತಿ. 2020ರಲ್ಲಿ ಅದು ನಿಂತ ಮೇಲೆ ಅಮ್ಮ ಪೇಟೆಗೆ ಹೋಗೋದೇ ಕಮ್ಮಿಯಾಯ್ತು. ಕಾಲು ನೋವು ಅಂತಾರೆ, ನನಗೆ ಗೊತ್ತು ಅದಲ್ಲ ಅಂತ. ನಿಮಗೆ ಗಾಡಿ ಓಡಿಸೋಕೆ ಬರುತ್ತಾ?

ಮಲೆನಾಡಸೊಸೆ:
ಟ್ರಾಫಿಕ್ ಸರ್, ಗಾಳಿ ಚೆನ್ನಾಗಿದೆ. ಒಮ್ಮೆ ಬನ್ನಿ, ಬಸ್ಸಿನ ಟೈಮ್ ಕೇಳಿಕೊಂಡು ಬನ್ನಿ.

ಕೊಪ್ಪದ ತಂಗಿ, ಸ್ಕೂಟಿ ಬರುತ್ತೆ. ಮಣ್ಣು ರಸ್ತೆ ಜಾರುತ್ತೆ ಅಂತ ಮನೆಯಲ್ಲಿ ಬಿಡುತ್ತಿಲ್ಲ. ಕೊಟ್ಟಿಗೆ ಪಕ್ಕ ಮಾವನ ಜೀಪು ಸುಮ್ನೆ ನಿಂತಿದೆ. ಅದನ್ನು ಕಲಿಸಿ ಅಂತ ಮಾವನನ್ನೇ ಕೇಳಿದೆ. ಇವರಿಗಿಂತ ಮೊದಲು ಅವರೇ ಹೂಂ ಅಂದರು.

ಆಫೀಸಿಗೆ ತಿಂಗಳಿಗೊಂದು ವಾರ ಬರುತ್ತೇನೆ ಅಂತ ಬರೆಯುತ್ತೇನೆ. ಶಿವಮೊಗ್ಗದಿಂದ ರಾತ್ರಿ ರೈಲಿದೆ, ಅಕ್ಕನ ಮನೆಯೂ ಇದೆ. ಆಫೀಸಿನವರು ಒಪ್ಪದಿದ್ದರೆ ಬೆಂಗಳೂರಿಗೆ ಹೊರಡುತ್ತೇನೆ. ಇವರಿಗೂ ಹಾಗೇ ಹೇಳಿದ್ದೇನೆ.