450 ಸೈಜ್ ರಿಮೋಟ್ ಹೆಲಿಕಾಪ್ಟರ್ (ಹೆಲಿ) ಟೇಲ್ ಅಲ್ಲಾಡ್ತಿದೆ, ಸೆಟಪ್ ಹೇಗೆ?

ಪ್ರಶ್ನೆ: ನನ್ 450 ಸೈಜ್ ಹೆಲಿ ಹೋವರ್‌ಗೆ ಎತ್ತಿದ ತಕ್ಷಣ ಬಾಲ ಪಟಪಟ ಅಂತ ಅಲ್ಲಾಡುತ್ತೆ, ಜೈರೋ ಗೇನ್ (ಬಾಲ ತಿರುಗದಂತೆ ತಡೆಯೋ ಸೆನ್ಸರ್ ಎಷ್ಟು ಜೋರಾಗಿ ತಿದ್ದುತ್ತೆ ಅನ್ನೋದು) ಇಳಿಸಿದ್ರೆ ಅದು ನಿಲ್ಲುತ್ತೆ ಆದ್ರೆ ಮೂತಿ ಮೆಲ್ಲಗೆ ಒಂದ್ ಕಡೆ ತಿರುಗ್ತಾ ಹೋಗುತ್ತೆ. ಏನ್ ಮಾಡ್ಲಿ ಸರ್?

ಉತ್ತರ 1: ಮೊದ್ಲು ಮೋಟರ್ ವೈರ್ ಬಿಚ್ಚಿಡಿ, ಬ್ಲೇಡ್ ಬೆರಳು ಕತ್ತರಿಸುತ್ತೆ. ಗೇನ್ ಆಮೇಲೆ. ಸರ್ವೋದಿಂದ (ಬಾಲದ ರಾಡ್ ಎಳೆಯೋ ಪುಟ್ಟ ಯಂತ್ರ) ರಾಡ್ ತೆಗೆದು ಪಿಚ್ ಸ್ಲೈಡರ್‌ನ (ಟೇಲ್ ಬ್ಲೇಡ್‌ನ ಕೋನ, ಅಂದ್ರೆ ಪಿಚ್, ಬದಲಿಸೋ ಜಾರುವ ಭಾಗ) ಬೆರಳಲ್ಲಿ ತಳ್ಳಿ ನೋಡಿ, ಬೆಣ್ಣೆ ಥರ ಜಾರ್ಬೇಕು. ನಂದೂ ಹಿಂಗೇ ಇತ್ತು, ಬಾಲ್ ಲಿಂಕ್ (ರಾಡ್ ತುದಿಯ ಗುಂಡು ಕೀಲು) ಟೈಟಾಗಿತ್ತು, ಎರಡು ದಿನ ಗೇನ್ ಜೊತೆ ಗುದ್ದಾಡಿದ್ದೆ. ಅದು ಸರಿಯಾದ್ಮೇಲೆ ಜೈರೋನ ರೇಟ್ ಮೋಡ್‌ಗೆ (ತಿರುಗೋದನ್ನ ತಡೆಯುತ್ತೆ ಅಷ್ಟೇ, ದಿಕ್ಕು ಹಿಡಿದಿಡಲ್ಲ) ಹಾಕಿ, ಸ್ಟಿಕ್ ನಡುವೆ ಇದ್ದಾಗ ಸರ್ವೋ ಹಾರ್ನ್ (ಸರ್ವೋದ ತೋಳು) ರಾಡ್‌ಗೆ 90 ಡಿಗ್ರಿ ಇರ್ಲಿ, ರಾಡ್ ಉದ್ದ ಹೆಚ್ಚುಕಮ್ಮಿ ಮಾಡಿ ಮೇನ್ ರೋಟರ್ ಟಾರ್ಕ್ ತಡೆಯೋವಷ್ಟು ಟೇಲ್ ಬ್ಲೇಡ್‌ಗೆ ಪಿಚ್ ಕೊಡಿ. ರೇಟ್ ಮೋಡ್‌ನಲ್ಲೇ ಬಾಲ ಹೆಚ್ಚುಕಮ್ಮಿ ನಿಂತ್ರೆ ಮಾತ್ರ ಹೆಡಿಂಗ್ ಹೋಲ್ಡ್‌ಗೆ (ಮೂತಿಯ ದಿಕ್ಕನ್ನ ತಾನೇ ಹಿಡಿದಿಡೋ ಮೋಡ್) ಹೋಗಿ.

ಉತ್ತರ 2: ಸರ್ವೋದ ನಡು ಸಿಗ್ನಲ್ 1520 ಮೈಕ್ರೋಸೆಕೆಂಡ್ ನಾ 760 ನಾ ಅಂತಾನೂ ನೋಡ್ಕೊಳ್ಳಿ. ಅನಲಾಗ್ ಸರ್ವೋಗೆ 333 ಹರ್ಟ್ಜ್ (ಸೆಕೆಂಡಿಗೆ 333 ಸಲ) ಸಿಗ್ನಲ್ ಕೊಟ್ರೆ ಸುಟ್ಟೇ ಹೋಗಬಹುದು.

ಪ್ರಶ್ನೆ ಕೇಳಿದವರು: ಸ್ಲೈಡರ್ ಅರ್ಧದಲ್ಲಿ ಕಚ್ಕೋತಿತ್ತು ಸರ್, ಶಾಫ್ಟ್ ಬೆಂಡ್ ಆಗಿದೆ! ಹೊಸದು ತರಿಸ್ತೀನಿ, ತುಂಬಾ ಥ್ಯಾಂಕ್ಸ್.